ಹೊಳೆಯ ತಳ

ಹರಿಹರವು ಹೆಸರಿನಲ್ಲಿಯೇ ಇಬ್ಬರನ್ನು ಒಂದುಗೂಡಿಸಿದ ಊರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1223-24ರಲ್ಲಿ ಕಟ್ಟಿಸಿದ ಇಲ್ಲಿಯ ದೇವಾಲಯದ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಊರಿನ ಮಗ್ಗುಲಲ್ಲಿ ಹರಿಯುವ ಹೊಳೆಯೂ ಅಂಥದೇ. ಗಂಗಾಮೂಲದಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆ ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆ ಎನಿಸಿಕೊಂಡು ಇಲ್ಲಿಗೆ ಬರುತ್ತಾರೆ. ಶಾಂತಿಸಾಗರದ ಕಡೆಯಿಂದ ಬರುವ ಹರಿದ್ರಾ ಹಳ್ಳವೂ ಇಲ್ಲಿಯೇ ಹೊಳೆಯನ್ನು ಕೂಡುತ್ತದೆ. ಇಂಥ ಹೊಳೆಯ ದಂಡೆಯಲ್ಲಿ ನಿಂತವರ ಕಣ್ಣು ನೀರಿನ ಮೇಲೆಯೇ ಜಾರುತ್ತದೆ. ಮಳೆಗಾಲದ ಕೆನ್ನೀರನ್ನು ಕಂಡು ಬೆರಗಾಗುತ್ತೇವೆ. ಚಳಿಗಾಲದ ತಿಳಿನೀರನ್ನು ಕಂಡು ಹಿಗ್ಗುತ್ತೇವೆ. ಬೇಸಗೆಯ ಸಣ್ಣ ಹರಿವನ್ನು ಕಂಡು ಮರುಗುತ್ತೇವೆ. ನೀರಿನ ಅಡಿಯಲ್ಲಿ ಒಂದು ಊರೇ ಇದೆಯೆಂಬುದು ಮಾತ್ರ ನಮ್ಮ ನೆನಪಿಗೆ ಬರುವುದಿಲ್ಲ.

ಬೇಸಗೆಯಲ್ಲಿ ಹೊಳೆ ಇಳಿದಾಗ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಕಲ್ಲೊಂದನ್ನು ಮೆಲ್ಲನೆ ಹೊರಳಿಸಿ ನೋಡಿರಿ. ಅದರ ಅಡಿಯಲ್ಲಿ ಚಪ್ಪಟೆ ಮೈಯ ಮರಿಕೀಟಗಳು ಅಂಟಿಕೊಂಡಿರುತ್ತವೆ. ಅವುಗಳ ಪಕ್ಕದಲ್ಲಿ, ಮರಳಿನ ಕಣಗಳನ್ನು ತನ್ನದೇ ರೇಷ್ಮೆಯಿಂದ ಹೆಣೆದು ಗೂಡು ಮಾಡಿಕೊಂಡ ಹುಳುವೊಂದು ಕಾಣಬಹುದು. ಮರಳಿನಲ್ಲಿ ಅರ್ಧ ಹೂತುಕೊಂಡು ಬಾಯಿ ತೆರೆದಿರುವುದು ಕಪ್ಪೆಚಿಪ್ಪಿನ ಜೀವಿ. ಕೆಸರಿನಲ್ಲಿ ಕೆಂಪು ಹುಳುಗಳು, ಬಂಡೆಯ ಸಂದಿನಲ್ಲಿ ಏಡಿ, ಪಾಚಿಯ ಮೇಲೆ ಬಸವನಹುಳು. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಅಟ್ಟಿಸಿಕೊಂಡು ಹೋಗುವ ಕೀಟವೂ ತನ್ನ ಬಾಲ್ಯವನ್ನು ಕಳೆಯುವುದು ನೀರಿನಲ್ಲಿಯೇ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಇಡಬೇಕು. ಅದು ಒಂದು ಮನೆಯ ಮಾಡು.

ಈ ಜೀವಿಗಳು ತಮಗೆ ತೋಚಿದಲ್ಲಿ ನೆಲಸಿದವಲ್ಲ. ಯಾರು ಎಲ್ಲಿರಬೇಕೆಂಬುದನ್ನು ಮೊದಲು ನಿರ್ಧರಿಸುವುದು ನೆಲ. ಅಂಟಿಕೊಂಡು ಬಾಳುವವಕ್ಕೆ ಕಲ್ಲು ಬೇಕು. ಹೂತುಕೊಂಡು ಬಾಳುವವಕ್ಕೆ ಮರಳು ಬೇಕು. ಎರಡನೆಯದು ಸೆಳವು. ಅದು ಬಲವಾಗಿರುವಲ್ಲಿ ಮಣ್ಣು ನಿಲ್ಲದೆ ಕಲ್ಲು ಉಳಿಯುತ್ತದೆ. ಮಂದವಾಗಿರುವ ಮಡುವಿನಲ್ಲಿ ಹೂಳು ಕೂಡುತ್ತದೆ. ಮೂರನೆಯದು ಬೆಳಕು. ಬೆಳಕು ತಳಕ್ಕೆ ಮುಟ್ಟಿದರೆ ಪಾಚಿ ಬೆಳೆಯುತ್ತದೆ, ಪಾಚಿ ಬೆಳೆದರೆ ಅದನ್ನು ಮೇಯುವವರು ಬರುತ್ತಾರೆ. ನಾಲ್ಕನೆಯದು ನೀರಿನಲ್ಲಿ ಕರಗಿದ ಆಮ್ಲಜನಕ. ಐದನೆಯದು ನೆರೆಹೊರೆ, ಎಂದರೆ ಯಾರು ಯಾರನ್ನು ತಿನ್ನುತ್ತಾರೆ ಎಂಬುದು.

ಹೊಳೆಯ ದಂಡೆಯಲ್ಲಿ ನನಗೆ ಪರಿಚಯವಾದ ವೃದ್ಧ ಅಂಬಿಗನೊಬ್ಬನು ಈ ವಿದ್ಯೆಯನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲವನಾಗಿದ್ದನು. ಗಳವನ್ನು ನೀರಿಗಿಳಿಸಿ, ಅದು ತಾಗಿದ ಸದ್ದಿನಿಂದಲೇ ಅಡಿಯಲ್ಲಿ ಬಂಡೆಯೋ ಮರಳೋ ಕೆಸರೋ ಎಂದು ಹೇಳುತ್ತಿದ್ದನು. ಅಲ್ಲಿ ಯಾವ ಮೀನು ಸಿಕ್ಕೀತೆಂಬುದನ್ನೂ ಹೇಳುತ್ತಿದ್ದನು. “ಮ್ಯಾಲಿನ ನೀರು ನೋಡಿ ಹೊಳಿ ತಿಳಿಯಾಕಾಗಲ್ಲ ಮೇಷ್ಟ್ರೇ, ಗಳ ಇಳಿಸಿ ನೋಡ್ಬೇಕು” ಎಂಬುದು ಅವನ ಮಾತು. ಕಾಲೇಜಿನ ಜೀವವಿಜ್ಞಾನಿಯೂ ಇದಕ್ಕಿಂತ ಬೇರೆಯಾಗಿ ಹೇಳಲಾರನು.

ಇದೇ ನಿಯಮಗಳು ವಿಶಾಲವಾಗಿ ಕೆಲಸ ಮಾಡುವುದನ್ನು ತಿಳಿಯಬೇಕಾದರೆ ನಮ್ಮ ಹೊಳೆಯಿಂದ ದೂರದ ತಂಪು ಕಡಲುಗಳ ಕರಾವಳಿಯತ್ತ ಮನಸ್ಸನ್ನು ಹರಿಸಬೇಕು. ಕ್ಯಾಲಿಫೋರ್ನಿಯ, ಚಿಲಿ, ನಾರ್ವೆ ಮೊದಲಾದ ಕಡೆಗಳ ತಣ್ಣೀರಿನಲ್ಲಿ ಕೆಲ್ಪ್ ಎಂಬ ಕಂದು ಪಾಚಿ ಕಾಡಿನಂತೆ ಬೆಳೆಯುತ್ತದೆ. ಅದರ ಒಂದು ಜಾತಿ 30 ಮೀಟರಿಗೂ ಮಿಕ್ಕಿ ಎತ್ತರವಾಗುವುದುಂಟು. ಅದಕ್ಕೆ ನಿಜವಾದ ಬೇರಿಲ್ಲ. ಬೇರಿನಂತೆ ಕಾಣುವ ಹಿಡಿಕೆಯಿಂದ ಅದು ಬಂಡೆಯನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಬಂಡೆಯಿಲ್ಲದ ಬರಿಯ ಮರಳಿನಲ್ಲಿ ಆ ಕಾಡು ನಿಲ್ಲಲಾರದು. ಬೆಳಕು ತಲುಪದ ಆಳದಲ್ಲಿಯೂ ಅದು ಬೆಳೆಯದು. ಹೊಳೆಯ ಕಲ್ಲಿಗೂ ಕಡಲಿನ ಬಂಡೆಗೂ ನಿಯಮ ಒಂದೇ ಎಂದಾಯಿತಲ್ಲವೆ?

ನೆರೆಹೊರೆಯ ಮಾತು ಇನ್ನೂ ಸ್ವಾರಸ್ಯವಾದುದು. ಅಮೆರಿಕದ ರಾಬರ್ಟ್ ಪೇನ್ ಎಂಬ ವಿಜ್ಞಾನಿಯು ವಾಷಿಂಗ್ಟನ್ ರಾಜ್ಯದ ತೀರದ ಬಂಡೆಗಳಲ್ಲಿ ಒಂದು ತುಣುಕನ್ನು ಆರಿಸಿಕೊಂಡು, ಅಲ್ಲಿದ್ದ ನಕ್ಷತ್ರ ಮೀನುಗಳನ್ನು ಕಿತ್ತು ಕಡಲಿಗೆ ಎಸೆಯುತ್ತ ಬಂದನು. ಬೇಟೆಗಾರನು ಹೋದರೆ ಉಳಿದವರೆಲ್ಲ ಸುಖವಾಗಿ ಬಾಳಿಯಾರೆಂದು ನಾವು ಎಣಿಸುತ್ತೇವೆ. ಆದದ್ದು ಬೇರೆ. ನಕ್ಷತ್ರ ಮೀನಿಗೆ ಆಹಾರವಾಗಿದ್ದ ಚಿಪ್ಪುಜೀವಿಗಳು ತಡೆಯಿಲ್ಲದೆ ಹಬ್ಬಿ, ಬಂಡೆಯನ್ನೆಲ್ಲ ಆಕ್ರಮಿಸಿ, ಇತರರನ್ನು ಹೊರಗೆ ನೂಕಿದವು. ಅಲ್ಲಿದ್ದ 15 ಜಾತಿಗಳು 8ಕ್ಕೆ ಇಳಿದವೆಂದು ಅವನು 1966ರಲ್ಲಿ ಪ್ರಕಟಿಸಿದನು. ಹರಿಹರದ ಹಳೆಯ ಕಲ್ಲುಸೇತುವೆಯ ಕಮಾನುಗಳನ್ನು ನೆನೆಯಿರಿ. ಕಮಾನಿನ ನೆತ್ತಿಯ ಕಲ್ಲೊಂದನ್ನು ತೆಗೆದರೆ ಉಳಿದ ಕಲ್ಲುಗಳು ಎಷ್ಟು ಗಟ್ಟಿಯಾಗಿದ್ದರೂ ಕುಸಿಯುತ್ತವೆ. ಇಂಥ ಜೀವಿಯನ್ನು ಪೇನ್ ಮುಂದೆ ಆ ಕಲ್ಲಿನ ಹೆಸರಿನಿಂದಲೇ ಕರೆದನು.

ಕಡಲ ನೀರುನಾಯಿಯೂ ಅಂಥದೊಂದು ಕಲ್ಲು. ತುಪ್ಪಳದ ಆಸೆಯಿಂದ ಮನುಷ್ಯರು ಅದನ್ನು ಬಹುಮಟ್ಟಿಗೆ ಕೊಂದು ಮುಗಿಸಿದ್ದರು. 1911ರ ಒಪ್ಪಂದವು ಉಳಿದವಕ್ಕೆ ರಕ್ಷಣೆ ನೀಡಿತು. ಅಲಾಸ್ಕದ ದ್ವೀಪಗಳನ್ನು ಹೋಲಿಸಿ ನೋಡಿದ ಇಬ್ಬರು ವಿಜ್ಞಾನಿಗಳು 1974ರಲ್ಲಿ ಒಂದು ಸತ್ಯವನ್ನು ಹೊರಗೆಡಹಿದರು. ನೀರುನಾಯಿಗಳು ಮರಳಿ ಬಂದ ದ್ವೀಪಗಳ ಸುತ್ತ ಕೆಲ್ಪ್ ಕಾಡು ದಟ್ಟವಾಗಿತ್ತು. ಅವು ಇಲ್ಲದಲ್ಲಿ ಮುಳ್ಳುಚೆಂಡಿನಂಥ ಪ್ರಾಣಿಗಳು ಹೆಚ್ಚಿ, ಕೆಲ್ಪನ್ನೆಲ್ಲ ಮೇದು, ತಳವನ್ನು ಬೋಳು ಮಾಡಿದ್ದವು. ನಮ್ಮ ತುಂಗಭದ್ರೆಯಲ್ಲಿಯೂ ಬೇರೊಂದು ಜಾತಿಯ ನೀರುನಾಯಿಗಳಿವೆ. ಅವುಗಳಿಗಾಗಿ ಹೊಸಪೇಟೆಯ ಅಣೆಕಟ್ಟಿನ ಕೆಳಗೆ ಕಂಪ್ಲಿಯವರೆಗಿನ ಹೊಳೆಯನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು.

ತಳದ ಲೋಕವು ಏಟು ತಿನ್ನದ ಲೋಕವೇನೂ ಅಲ್ಲ. ಧ್ರುವಪ್ರದೇಶದ ಹಿಮದ ಬೆಟ್ಟಗಳು ತೇಲಿ ಬಂದು ಕಡಲಿನ ತಳವನ್ನು ನೇಗಿಲಿನಂತೆ ಉಳುತ್ತವೆ. ನಮ್ಮ ಹೊಳೆಯಲ್ಲಿ ಆ ಕೆಲಸವನ್ನು ಶ್ರಾವಣದ ಪ್ರವಾಹ ಮಾಡುತ್ತದೆ. ಕಲ್ಲುಗಳನ್ನು ಉರುಳಿಸುತ್ತದೆ, ಮರಳಿನ ದಿಬ್ಬಗಳನ್ನು ಅಳಿಸಿ ಬೇರೆಡೆ ಕಟ್ಟುತ್ತದೆ. ಆದರೆ ಪ್ರವಾಹವು ಕೊಂಡುಹೋದುದಕ್ಕೆ ಬದಲಾಗಿ ಹೊಸ ಮರಳನ್ನು ತಂದಿಡುತ್ತದೆ. ನೆಲ ಉಳಿದಿದ್ದರೆ ಜೀವಿಗಳು ಮರಳಿ ಬರುತ್ತವೆ. ಮನುಷ್ಯನು ಕೊಡುವ ಏಟಿನ ರೀತಿಯೇ ಬೇರೆ. ಅವನು ಲಾರಿಗಳಲ್ಲಿ ಮರಳನ್ನು ಹೇರಿಕೊಂಡು ಹೋದಾಗ ನೆಲವೇ ಹೋಗುತ್ತದೆ. ಉಳಿದ ಗುಂಡಿಗಳಿಂದೆದ್ದ ರಾಡಿಯು ಕೆಳಗಿನ ಕಲ್ಲುಗಳ ಮೇಲೆ ಕುಳಿತು ಅಲ್ಲಿಯವರ ಉಸಿರನ್ನೂ ಬೆಳಕನ್ನೂ ಮುಚ್ಚುತ್ತದೆ.

ಉಸಿರಿನ ವಿಷಯದಲ್ಲಿ ನಮ್ಮ ಹೊಳೆ ಮೊದಲೇ ಬಡವೆ. ಶೂನ್ಯ ಡಿಗ್ರಿಯ ಒಂದು ಲೀಟರು ಸಿಹಿನೀರು ಸುಮಾರು 14.6 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯ ನೀರು ಸುಮಾರು 7.5 ಮಿಲಿಗ್ರಾಂ ಮಾತ್ರ. ಎಂದರೆ ತಂಪು ನೀರಿನ ಜೀವಿಗಳಿಗಿರುವ ಉಸಿರಿನ ಬಂಡವಾಳದಲ್ಲಿ ನಮ್ಮ ಬೇಸಗೆಯ ಹೊಳೆಗೆ ದೊರೆತಿರುವುದು ಅರ್ಧ. ಚರಂಡಿಯ ಕೊಳೆಯೂ ಕಾರ್ಖಾನೆಯ ತ್ಯಾಜ್ಯವೂ ಬಿದ್ದಾಗ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಈ ಅರ್ಧವನ್ನೂ ಕಬಳಿಸುತ್ತವೆ. ಆಗ ಸೂಕ್ಷ್ಮ ಪ್ರಕೃತಿಯ ಕೀಟಗಳು ಮೊದಲು ಅಳಿಯುತ್ತವೆ. ಕೆಸರಿನ ಕೆಂಪು ಹುಳುಗಳು ಕೊನೆಯವರೆಗೆ ಉಳಿಯುತ್ತವೆ. 1980ರ ದಶಕದಲ್ಲಿ ಹರಿಹರದ ಆಸುಪಾಸಿನಲ್ಲಿ ಹೊಳೆಯ ಮೀನುಗಳು ಸತ್ತು ತೇಲಿದುದನ್ನು ಕಂಡವರು ಇನ್ನೂ ಇದ್ದಾರೆ. ನೀರನ್ನು ಕೆಡಿಸಬಾರದೆಂಬ ಕಾನೂನು 1974ರಲ್ಲಿಯೇ ಬಂದಿದ್ದಿತು. ಆದರೆ ದಂಡೆಯ ಹಳ್ಳಿಗರೂ, 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯದಂಥ ಸಂಸ್ಥೆಯೂ ಹೊಳೆಯ ಪರವಾಗಿ ಹೋರಾಡಬೇಕಾಯಿತು. ಕಾನೂನು ಕಾಗದದ ಮೇಲೆ ಇದ್ದರೆ ಸಾಲದು. ಅದನ್ನು ನಡೆಯಿಸುವ ಜನರೂ ಇರಬೇಕು.

ಈ ಹುಳುಹುಪ್ಪಟೆಗಳಿಂದ ನಮಗೇನೆಂದು ಕೇಳುವವರುಂಟು. ಕಪ್ಪೆಚಿಪ್ಪಿನ ಜೀವಿಯೊಂದನ್ನೇ ತೆಗೆದುಕೊಳ್ಳೋಣ. ಅದು ನೀರನ್ನು ಒಳಗೆಳೆದು, ಅದರಲ್ಲಿಯ ಸಣ್ಣ ಕಣಗಳನ್ನು ಉಂಡು, ತಿಳಿನೀರನ್ನು ಹೊರಗೆ ಬಿಡುತ್ತದೆ. ದಿನವೊಂದಕ್ಕೆ ಹಲವು ಲೀಟರು ನೀರು ಹೀಗೆ ಸೋಸಿಹೋಗುತ್ತದೆ. ಅದರ ಮರಿಯು ಬೆಳೆಯುವ ಮೊದಲು ಕೆಲವು ದಿನ ಮೀನಿನ ಕಿವಿರಿಗೆ ಅಂಟಿಕೊಂಡು ಬಾಳಬೇಕು. ಮೀನು ಹೋದರೆ ಚಿಪ್ಪು ಹೋಯಿತು. ಮರಳು ಹೋದರೂ ಚಿಪ್ಪು ಹೋಯಿತು. ಚಿಪ್ಪು ಹೋದರೆ ಸಂಬಳವಿಲ್ಲದೆ ನೀರು ಸೋಸುತ್ತಿದ್ದ ಆಳು ಹೋದಂತೆ.

ದಾವಣಗೆರೆಯ ಕುಂದವಾಡ ಕೆರೆಗೆ ಬರುವುದು ಭದ್ರಾ ನಾಲೆಯ ನೀರು. ಹರಿಹರದ ಸಮೀಪದ ರಾಜನಹಳ್ಳಿಯಲ್ಲಿ ನಗರಕ್ಕಾಗಿ ಮೇಲೆತ್ತುವುದು ತುಂಗಭದ್ರೆಯ ನೀರು. ನಗರದ ಬೀದಿಯಲ್ಲಿ ಕೊಡ ಹಿಡಿದು ನಿಂತವಳಿಗೆ ನಲ್ಲಿ ಕಾಣುತ್ತದೆ, ಹೊಳೆ ಕಾಣುವುದಿಲ್ಲ. ಹೊಳೆಯನ್ನು ಕಂಡವರಿಗೂ ತಳ ಕಾಣುವುದಿಲ್ಲ. ಆದರೂ ಆ ಕೊಡದ ನೀರಿನಲ್ಲಿ ಕಲ್ಲಿನಡಿಯ ಕೀಟದ ಪಾಲಿದೆ, ಮರಳಿನೊಳಗಿನ ಚಿಪ್ಪಿನ ಪಾಲಿದೆ. ಕಾಣದವರು ನಮಗಾಗಿ ಮಾಡುವ ಕೆಲಸವನ್ನು ಅರಿತುಕೊಳ್ಳುವುದು ವಿದ್ಯೆಯ ಒಂದು ಭಾಗ. ಅವರ ನೆಲೆಯನ್ನು ಕೆಡಿಸದೆ ಬಿಡುವುದು ಅದರ ಇನ್ನೊಂದು ಭಾಗ. ಮುಂದೆ ನಿಮ್ಮಲ್ಲಿ ಕೆಲವರು ಮನೆ ಕಟ್ಟಿಸುವಿರಿ, ಕೆಲವರು ಕಾರ್ಖಾನೆ ನಡೆಸುವಿರಿ, ಕೆಲವರು ಅಧಿಕಾರದ ಕುರ್ಚಿಯಲ್ಲಿ ಕುಳಿತು ಕಾಗದಗಳಿಗೆ ಸಹಿ ಹಾಕುವಿರಿ. ಆಗ ಮರಳಿನ ಲೆಕ್ಕ, ಕೊಳವೆಯ ನೀರಿನ ಲೆಕ್ಕ ನಿಮ್ಮ ಮುಂದೆ ಬಂದೇ ಬರುತ್ತದೆ. ಸಹಿ ಹಾಕುವ ಮುನ್ನ ಒಮ್ಮೆ ಗಳ ಇಳಿಸಿ ನೋಡಿರಿ.