ಚಿರತೆಯ ಊರಲ್ಲಿ ಎದೆ ಡವಡವ

ಠಾಣೆಯ ಮಾಜಿವಾಡಾ ನಾಕಾದಲ್ಲಿ ನಿಂತವರಿಗೆ ಹಾರ್ನು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ನಾಸಿಕ್ ಕಡೆಯ ಹೆದ್ದಾರಿ, ಘೋಡ್‌ಬಂದರ್ ರಸ್ತೆ, ತಲೆಯ ಮೇಲೆ ಫ್ಲೈಓವರ್, ಸುತ್ತ ಆಕಾಶಕ್ಕೆ ಏಣಿ ಹಾಕಿದಂಥ ಕಟ್ಟಡಗಳು. ಇಲ್ಲಿಂದ ಆಟೋ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಯೇವೂರು ಗುಡ್ಡ, ಚಿರತೆಗಳ ಕಾಡು! ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2018ರ ಎಣಿಕೆಗೆ 47 ಚಿರತೆಗಳು ಸಿಕ್ಕಿದ್ದವು.

ನಾಕಾ ಬಳಿಯ ಹೋಟೆಲಿನ ಗಲ್ಲಾದಲ್ಲಿ ಕಾರ್ಕಳದವರೊಬ್ಬರು ಕೂತಿದ್ದರು. "ಯೇವೂರಿಗಾ? ಕತ್ತಲಾಗುವ ಮೊದಲು ಇಳಿದು ಬನ್ನಿ ಮಾರಾಯ್ರೆ. ಅದೇ ಇಲ್ಲಿಗೆ ಬಂದಿತ್ತಲ್ಲ!" ಎಂದರು. ಬಂದದ್ದು 2019ರ ಫೆಬ್ರವರಿ 20ರ ಬೆಳಗಿನ ಜಾವ, ಕೋರಂ ಮಾಲ್‌ಗೆ. ಸಿಸಿಟಿವಿಯಲ್ಲಿ ಕಾಣಿಸಿಕೊಂಡು ಮಾಯವಾದ ಚಿರತೆಯನ್ನು ಕೊನೆಗೆ ಹತ್ತಿರದ ಹೋಟೆಲೊಂದರ ನೆಲಮಾಳಿಗೆಯಲ್ಲಿ ಅರಿವಳಿಕೆ ಕೊಟ್ಟು ಹಿಡಿದರು.

ಉಪವನ ಕೆರೆ ದಾಟಿ ಆಟೋ ಏರು ಹತ್ತಿತು. ಒಂದು ತಿರುವಿನಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟೆನಷ್ಟೆ, ಒಣಗಿದ ಸಾಗವಾನಿ ಎಲೆಗಳ ಮೇಲೆ ಸರಸರ ಸದ್ದು. ಕಾಲು ತಾನಾಗಿ ನಿಂತಿತು. ಮುಂಗೈಯ ರೋಮ ನೆಟ್ಟಗಾಯಿತು, ಬಾಯಿ ಒಣಗಿತು. ಹೊರಬಂದದ್ದು ಒಂದು ಕೋಳಿ. ಯಾವುದೋ ಮನೆಯದು, ಕಾಲಿಗೆ ದಾರ ಬೇರೆ ಕಟ್ಟಿತ್ತು.

ನಗು ಬಂತು, ಅದಕ್ಕಿಂತ ಹೆಚ್ಚು ಬೆರಗಾಯಿತು. ನಿಲ್ಲು ಎಂದು ಕಾಲಿಗೆ ಹೇಳಿದ್ದು ಯಾರು? ನಾನಂತೂ ಅಲ್ಲ. ಜೋಸೆಫ್ ಲೆಡೂ ಎಂಬ ನರವಿಜ್ಞಾನಿ ಇಲಿಗಳಲ್ಲಿ ಕಂಡುಕೊಂಡ ಪ್ರಕಾರ, ಸದ್ದಿನ ಸುದ್ದಿ ಮಿದುಳಿನೊಳಗೆ ಎರಡು ದಾರಿ ಹಿಡಿಯುತ್ತದೆ. ಒಂದು ಒಳದಾರಿ: ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗಕ್ಕೆ ನೇರ, ಸುಮಾರು 12 ಮಿಲಿಸೆಕೆಂಡಿನಲ್ಲಿ. ಇನ್ನೊಂದು ಸುತ್ತುದಾರಿ; ಸದ್ದು ಯಾವುದರದ್ದೆಂದು ವಿಚಾರಿಸಿಕೊಂಡು ಬರುವಷ್ಟರಲ್ಲಿ ಮೈ ಆಗಲೇ ಸಜ್ಜಾಗಿರುತ್ತದೆ. ಡಾರ್ವಿನ್‌ನಂಥ ಡಾರ್ವಿನ್ನನೇ ಲಂಡನ್ನಿನ ಮೃಗಾಲಯದಲ್ಲಿ ವಿಷದ ಹಾವಿನ ಗಾಜಿಗೆ ಮುಖ ಒತ್ತಿ, ಏನಾದರೂ ಕದಲುವುದಿಲ್ಲವೆಂದು ಹಟ ಹಿಡಿದಿದ್ದ. ಹಾವು ಎಗರಿತು, ಆತ ಹಿಂದಕ್ಕೆ ಹಾರಿದ್ದ. ಮತ್ತೆ ನನ್ನದೇನು ಲೆಕ್ಕ!

ಪೊದೆಯ ಆಚೆ ಬದಿಯ ಭಯ ಇನ್ನೂ ದೊಡ್ಡದು. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದ ನೀರಿನ ಹೊಂಡಗಳ ಬಳಿ ಲಿಯಾನಾ ಜಾನೆಟ್ ಅವರ ತಂಡ ಧ್ವನಿವರ್ಧಕ ಕಟ್ಟಿ, ಸಿಂಹದ ಗುರುಗುಟ್ಟನ್ನೂ ಮನುಷ್ಯರ ಸಾದಾ ಮಾತನ್ನೂ ಕೇಳಿಸಿತು. 2023ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಸಿಂಹದ ದನಿಗಿಂತ ಮನುಷ್ಯನ ಮಾತಿಗೆ ಪ್ರಾಣಿಗಳು ಓಡಿಹೋಗುವ ಸಂಭವ ಎರಡು ಪಟ್ಟು. ಓಡಿದವುಗಳಲ್ಲಿ ಚಿರತೆಯೂ ಇತ್ತು.

ಹೆದರಿದ ಊರು ಮಾತ್ರ "ಹಿಡಿದು ಎಲ್ಲಾದರೂ ದೂರ ಬಿಡಿ" ಎನ್ನುತ್ತದೆ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಹಾಗೇ ಮಾಡಿದರು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ವರ್ಷಕ್ಕೆ ಸರಾಸರಿ 4 ಇದ್ದ ದಾಳಿ 17ಕ್ಕೆ ಏರಿತ್ತು. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟರೆ ಚಿರತೆಗೂ ದಿಕ್ಕು ತಪ್ಪದಿರುತ್ತದೆಯೆ? ನಮ್ಮ ಬೆಂಗಳೂರಿನಲ್ಲೂ 2016ರ ಫೆಬ್ರವರಿಯಲ್ಲಿ ಶಾಲೆಯೊಂದಕ್ಕೆ ಚಿರತೆ ನುಗ್ಗಿತ್ತು. ಹೊರಗೆ ಜನಜಾತ್ರೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಗಾಯಗೊಂಡದ್ದು ಆ ಕಾರ್ಯಾಚರಣೆಯಲ್ಲೇ. ಮೂಲೆಗೆ ಸಿಕ್ಕಿದ ಪ್ರಾಣಿಗೆ ಓಡಲು ದಾರಿಯೇ ಇಲ್ಲದಿದ್ದರೆ ಅದರ ಭಯ ಹಲ್ಲು ಉಗುರಿಗೆ ಬರುತ್ತದೆ.

ಯೇವೂರಿನ ವಾರ್ಲಿ ಆದಿವಾಸಿಗಳು ಬೇರೆ ಬಗೆ. ಅವರಿಗೆ ವಾಘೋಬಾ ಎಂಬ ದೊಡ್ಡಬೆಕ್ಕಿನ ದೇವರಿದ್ದಾನೆ. ಕಲ್ಲಿನ ಮೇಲೆ ಕೆತ್ತಿ, ಸಿಂದೂರ ಹಚ್ಚಿ, ವರ್ಷಕ್ಕೊಮ್ಮೆ ಪೂಜೆ ಸಲ್ಲಿಸುತ್ತಾರೆ. ತುಳುನಾಡಿನ ಹುಲಿದೈವ ಪಿಲಿಚಾಮುಂಡಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ಅಂಜಿಕೆ ಇದೆ, ಆದರೆ ಅದಕ್ಕೊಂದು ಕಟ್ಟುಪಾಡೂ ಇದೆ.

ಸಂಜೆ ಇಳಿಯುವಾಗ ಆಟೋದವ ಮೊಬೈಲಿನಲ್ಲಿ ಲಾವಣಿ ಹಚ್ಚಿ, ಅದಕ್ಕಿಂತ ಜೋರಾಗಿ ತಾನೂ ಹಾಡತೊಡಗಿದ. ಕತ್ತಲಲ್ಲಿ ಸದ್ದು ಮಾಡುತ್ತ ನಡೆಯಿರಿ ಎಂಬುದು ಅರಣ್ಯದವರು ಹೇಳುವ ಮಾತೇ. ಅವನ ಕಂಠ ಕೇಳಿದ ಮೇಲೆ, ಚಿರತೆಗಳ ಬಗ್ಗೆ ನನಗೆ ನಿಜಕ್ಕೂ ಕನಿಕರ ಹುಟ್ಟಿತು.