ಬಿದ್ದ ಮರದ ಕಾಯಕ

ಮಳೆಗಾಲದಲ್ಲಿ ತಲೆಯೆತ್ತುವ ಅಣಬೆಯನ್ನು ಲೋಕವು ಅಲ್ಪವೆಂದೇ ಎಣಿಸಿದೆ. ಎರಡು ದಿನದ ಬಾಳು, ನಾಯಿಕೊಡೆಯೆಂಬ ಹೆಸರು. ಇಷ್ಟೇ ಅದರ ಭಾಗ್ಯ. ಆದರೆ ಒಂದು ಕಾಡು ಆರೋಗ್ಯದಿಂದಿದೆಯೇ ಎಂದು ಕೇಳಿದರೆ, ಎತ್ತರದ ಮರಗಳಿಗಿಂತ ದಿಟವಾದ ಸಾಕ್ಷಿಯನ್ನು ಕೆಲವೊಮ್ಮೆ ಈ ಅಲ್ಪಜೀವಿಯೇ ನುಡಿಯುತ್ತದೆ.

ನಾವು ಕಾಣುವ ಕೊಡೆಯು ಶಿಲೀಂಧ್ರದ ಫಲ ಮಾತ್ರ. ಅದರ ನಿಜವಾದ ಒಡಲು ನೂಲಿಗಿಂತ ಸಣ್ಣ ಎಳೆಗಳಾಗಿ ಮಣ್ಣಿನಲ್ಲಿಯೂ ಮರದ ಒಳಗೂ ಹರಡಿರುತ್ತದೆ. ಕೆಲವು ಶಿಲೀಂಧ್ರಗಳು ಧೂಪದಂತಹ ಮರಗಳ ಬೇರನ್ನು ಸುತ್ತಿಕೊಂಡು ನೀರು, ಖನಿಜಗಳನ್ನು ಒದಗಿಸಿ, ಮರದಿಂದ ಸಕ್ಕರೆಯನ್ನು ಪಡೆಯುತ್ತವೆ. ಇನ್ನು ಕೆಲವು ಬಿದ್ದ ಮರವನ್ನು ಕರಗಿಸಿ ಮಣ್ಣಿಗೆ ಹಿಂದಿರುಗಿಸುತ್ತವೆ. ಮೊದಲನೆಯದನ್ನು ದಾಸೋಹವೆಂದೂ ಎರಡನೆಯದನ್ನು ಕಾಯಕವೆಂದೂ ನಾವು ಭಾವಿಸುತ್ತೇವೆ. ದೇಹವನ್ನು ಮಣ್ಣಿಗೊಪ್ಪಿಸುವ ಸಂಪ್ರದಾಯದವರಾದ ನಮಗೆ ಈ ಕಾಯಕದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಅಣಬೆಗಳ ಸಂಖ್ಯೆಗಿಂತ ಜಾತಿ ಮುಖ್ಯ. ಸಗಣಿಯ ಮೇಲೆ, ಕೆದಕಿದ ನೆಲದಲ್ಲಿ ಏಳುವ ಅಣಬೆಗಳೂ ಉಂಟು. ಅವು ಕಾಡಿನ ಗುರುತಲ್ಲ. ದೊಡ್ಡ ಮರ ಬಿದ್ದು ವರ್ಷಗಟ್ಟಲೆ ಕೊಳೆತಲ್ಲಿ, ನೆರಳೂ ತೇವವೂ ತಪ್ಪದಲ್ಲಿ ಮಾತ್ರ ಬಾಳುವ ಜಾತಿಗಳು ಕಂಡರೆ ಆ ಕಾಡಿನ ಪರಂಪರೆ ಕಡಿದಿಲ್ಲವೆಂದು ತಿಳಿಯಬಹುದು. ಮಳೆಯನ್ನನುಸರಿಸಿ ಅಣಬೆಗಳು ಏಳುವುದರಿಂದ ಒಂದೇ ವರ್ಷದ ನೋಟ ಸಾಲದು. ಹಲವು ಮಳೆಗಾಲ ನೋಡಬೇಕು.

ಇದಕ್ಕೆ ನಮ್ಮ ಕೊಡಗಿನಲ್ಲಿಯೇ ನಿದರ್ಶನವಿದೆ. ಆಕ್ಸ್‌ಫರ್ಡಿನ ಹಾಗೂ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ವಿದ್ವಾಂಸರು ಅಲ್ಲಿನ 58 ತಾಣಗಳನ್ನು ಪರಿಶೀಲಿಸಿ 2005ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅವುಗಳಲ್ಲಿ 10 ಮೀಸಲು ಅರಣ್ಯದವು, 25 ದೇವರಕಾಡುಗಳು, 23 ಕಾಫಿ ತೋಟಗಳು. ಮರ ಮತ್ತು ಹಕ್ಕಿಗಳೊಡನೆ ಅಣಬೆಗಳನ್ನೂ ಎಣಿಸಿದಾಗ, ಚಿಕ್ಕಪುಟ್ಟ ದೇವರಕಾಡುಗಳು ಅಣಬೆಗಳಲ್ಲಿ ಸಮೃದ್ಧವಾಗಿದ್ದುದು ಕಂಡುಬಂದಿತು.

ಇಷ್ಟಲಿಂಗನಿಷ್ಠರಾದ ಶರಣರು ಮರಗಿಡಗಳನ್ನು ದೈವವೆಂದು ಪೂಜಿಸುವುದನ್ನು ಒಪ್ಪಲಿಲ್ಲ. ನಾವೂ ಒಪ್ಪುವವರಲ್ಲ. ಆದರೂ ಒಣಗಿದ ಕೊಂಬೆಯನ್ನೂ ಮುಟ್ಟಬಾರದೆಂಬ ಆ ಕಟ್ಟಳೆಯ ಹಿಂದಿನ ಸಂಯಮಕ್ಕೆ ನಾವು ತಲೆಬಾಗುತ್ತೇವೆ. ಆ ಸಂಯಮವೂ ಸವೆದಿದೆ. 1905ರಲ್ಲಿ ಸುಮಾರು 6,270 ಹೆಕ್ಟೇರುಗಳಷ್ಟಿದ್ದ ದೇವರಕಾಡು 1985ರ ವೇಳೆಗೆ ಸುಮಾರು 2,550 ಹೆಕ್ಟೇರುಗಳಿಗೆ ಇಳಿದಿತ್ತು.

ಭಕ್ತರು ಮಠಗಳ ಆವರಣದಲ್ಲಿ ಸಸಿ ನೆಡುವುದು ಸ್ತುತ್ಯವೇ. ಆದರೆ ಸಸಿ ನೆಟ್ಟ ಕೈಯೇ ತರಗೆಲೆಯನ್ನು ಗುಡಿಸಿ ಸುಟ್ಟು, ಬಿದ್ದ ಮರವನ್ನು ಸೌದೆಗೆ ಸಾಗಿಸಿ, ಬುಡದವರೆಗೆ ಸಿಮೆಂಟು ಹಾಕಿಸುತ್ತದೆ. ಇದನ್ನು ಸ್ವಚ್ಛತೆಯೆನ್ನುತ್ತೇವೆ. ಮಣ್ಣಿನೊಳಗಿನ ಜೀವಿಗಳಿಗೆ ಅದು ಉಪವಾಸ. ಮರಗಳ ಸಾಲು ಉಳಿದೀತು, ಕಾಡು ಉಳಿಯದು.

ಆದ್ದರಿಂದ ನಮ್ಮ ಬಿನ್ನಹವಿಷ್ಟೆ. ಜನರು ಓಡಾಡದ ಒಂದು ಮೂಲೆಯಲ್ಲಿ ಬಿದ್ದ ಮರವೊಂದನ್ನು ಬಿದ್ದಲ್ಲಿಯೇ ಬಿಡಿರಿ. ಎಲೆ ಕೊಳೆಯಲಿ. ಮಕ್ಕಳನ್ನು ಮಳೆಗಾಲದಲ್ಲಿ ಅಲ್ಲಿಗೆ ಕರೆದೊಯ್ದು ಅಣಬೆಗಳನ್ನು ತೋರಿಸಿರಿ. ಅರಿಯದ ಅಣಬೆಯನ್ನು ಕಿತ್ತು ತಿನ್ನಬಾರದೆಂದೂ ತಿಳಿಸಿರಿ. ಯಾವ ವರ್ಷ ಏನು ಕಂಡಿತೆಂದು ಅವರು ಬರೆದಿಡಲಿ. ನೆಟ್ಟ ಸಸಿಗಳ ಲೆಕ್ಕಕ್ಕಿಂತ ಆ ಪುಸ್ತಕವೇ ಮುಂದಿನವರಿಗೆ ಹೆಚ್ಚು ನಂಬಿಕೆಗೆ ಅರ್ಹವಾದೀತು.