ಚಳಿ ಉಂಡು ಹೂ ಬಿಡುವ ಗಿಡ

ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ 1868ರಲ್ಲಿ ಮೊದಲು ದಾಖಲಾದ ಗಾರ್ಲಿಕ್ ಮಸ್ಟರ್ಡ್ ಎಂಬ ಗಿಡ ಈಗ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲೆಲ್ಲ ಹಬ್ಬಿದೆ. ಸಾಸಿವೆಯ ಬಳಗದ್ದು, ಎಲೆ ಹೊಸಕಿದರೆ ಥೇಟ್ ಬೆಳ್ಳುಳ್ಳಿಯ ವಾಸನೆ. ಯುರೋಪಿನಿಂದ ವಲಸೆ ಬಂದವರು ಅಡಿಗೆಗೆ, ಔಷಧಿಗೆ ಎಂದು ತಂದದ್ದಂತೆ.

ವಸಂತದಲ್ಲಿ ಅಲ್ಲಿನ ಕಾಡುದಾರಿ ಹಿಡಿದರೆ, ಈಗಷ್ಟೇ ಮೊಳೆತ ಸಸಿಗಳ ಪಕ್ಕದಲ್ಲೇ ಬಿಳಿ ಹೂ ಹೊತ್ತ ಎತ್ತರದ ಗಿಡಗಳು. ಮೊದಲ ವರ್ಷ ಬರೀ ಎಲೆ, ಅದೂ ನೆಲಕ್ಕಂಟಿಕೊಂಡು. ಹಿಮದಡಿಯಲ್ಲೂ ಹಸಿರಾಗಿದ್ದು, ವಾರಗಟ್ಟಲೆ ಚಳಿ ಉಂಡ ಮೇಲೇ ಅದಕ್ಕೆ ಹೂ ಬಿಡಲು ಅಪ್ಪಣೆ. ಇದನ್ನು ವರ್ನಲೈಸೇಷನ್ ಎನ್ನುತ್ತಾರೆ. ಇದರ ನೆಂಟ ಅರಬಿಡಾಪ್ಸಿಸ್‌ನಲ್ಲಿ ವಿಜ್ಞಾನಿಗಳು ಕಂಡ ಗುಟ್ಟು: ಹೂವನ್ನು ತಡೆಯುವ ಜೀನ್ ಒಂದರ ಬಾಯನ್ನು ದೀರ್ಘ ಚಳಿ ಮೆಲ್ಲಗೆ ಮುಚ್ಚಿಸುತ್ತದೆ. ಒಂದೆರಡು ರಾತ್ರಿಯ ಚಳಿಗೆ ಅದು ಮೋಸಹೋಗುವುದಿಲ್ಲ. ನಮ್ಮ ಎಲೆಕೋಸಿಗೂ ಇದೇ ಹಟ. ಮುಂಬಯಿಯ ಸೆಕೆಯಲ್ಲಿ ಅದು ಹೂ ಬಿಟ್ಟದ್ದನ್ನು ಕಂಡಿದ್ದೀರಾ?

ಪಾಪ, ವೆಸ್ಟ್ ವರ್ಜೀನಿಯಾ ವೈಟ್ ಎಂಬ ಚಿಟ್ಟೆ ಇದನ್ನು ತನ್ನ ಆಹಾರದ ಗಿಡವೆಂದೇ ನಂಬಿ ಮೊಟ್ಟೆಯಿಡುತ್ತದೆ; ಮರಿಗಳು ಎಲೆ ತಿಂದು ಸಾಯುತ್ತವೆ. ಮರಗಳ ಬೇರಿಗೆ ನೆರವಾಗುವ ಶಿಲೀಂಧ್ರಗಳಿಗೂ ಇದು ಕಂಟಕ. ಆದ್ದರಿಂದ ಸ್ವಯಂಸೇವಕರು ಬೀಜ ಕಟ್ಟುವ ಮೊದಲೇ ಬೇರುಸಹಿತ ಕಿತ್ತು ಚೀಲಕ್ಕೆ ತುಂಬುತ್ತಾರೆ. ಕಿತ್ತುಹಾಕಿದ ಗಿಡವೂ ಬೀಜ ಮಾಗಿಸಬಲ್ಲ ಜಿಗುಟು ಅದರದ್ದು. ಓದಿಗೋ ಕೆಲಸಕ್ಕೋ ಅತ್ತ ಹೋಗುವವರು ನಿಮ್ಮಲ್ಲೂ ಇದ್ದೀರಿ. ಆ ಕಾಡು ಸುತ್ತಿದರೆ, ಹೊರಡುವ ಮುಂಚೆ ಬೂಟಿನ ಮಣ್ಣು ಅಲ್ಲೇ ಒದರಿಬಿಡಿ. ಬೀಜ ಅದರಲ್ಲೂ ಸವಾರಿ ಮಾಡುತ್ತದೆ.